ಆರೋಗ್ಯ ಪ್ರಶ್ನೋತ್ತರ: ನೈಟ್ ಶಿಫ್ಟ್, ತಲೆನೋವು, ಬೆಲ್ಟಿಗೆ ಹೋದ ಕೈ

ಪ್ರಶ್ನೆ: ಸ್ಪಾಂಜ್ ಐರನ್ ಕಾರ್ಖಾನೆಯಲ್ಲಿ ಕಿಲ್ನ್ (ಕುಲುಮೆ) ಪಕ್ಕದ ಕನ್ವೇಯರ್ ಬೆಲ್ಟ್ ನೋಡಿಕೊಳ್ಳುತ್ತೇನೆ. ವಾರಕ್ಕೊಮ್ಮೆ ಶಿಫ್ಟ್ ಬದಲು: ನೈಟ್ ಆದಮೇಲೆ ಸೆಕೆಂಡ್, ಆಮೇಲೆ ಫಸ್ಟ್. ನೈಟ್ ಇದ್ದ ವಾರ ಹಗಲು ಮೂರು ತಾಸೂ ನಿದ್ದೆ ಇಲ್ಲ. ತಲೆನೋವು, ಮನೆಯವರ ಮೇಲೆ ಸಿಟ್ಟು, ಟಾರ್ಗೆಟ್ ಮುಟ್ಟಲಿಲ್ಲವೆಂದು ಸೂಪರ್‌ವೈಸರ್ ಬೈಗುಳ. ಮೊನ್ನೆ ನಸುಕಿನಲ್ಲಿ ಓಡುತ್ತಿದ್ದ ಬೆಲ್ಟಿಗೇ ಕೈ ಹಾಕಲು ಹೋದೆ, ಜೊತೆಗಾರ ತಡೆದ. ಒತ್ತಡ ತಾಳುವ ಶಕ್ತಿಯೇ ನನಗಿಲ್ಲವೇನೋ.
– ಓದುಗರು, ಕೊಪ್ಪಳ

ಉತ್ತರ: ಶಕ್ತಿಯ ಕೊರತೆಯಲ್ಲ ಇದು, ನಿದ್ದೆಯ ಕೊರತೆ. ಆದರೆ ಮೊದಲು ತಲೆನೋವು ನೋಡೋಣ, ಏಕೆಂದರೆ ಅದನ್ನು ಎಲ್ಲರೂ ‘ಟೆನ್ಷನ್’ ಎಂದು ತಳ್ಳಿಹಾಕುತ್ತಾರೆ. ಕಿಲ್ನ್‌ನಲ್ಲಿ ಕಲ್ಲಿದ್ದಲಿನಿಂದ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿದು ತಲೆನೋವು, ತಲೆಸುತ್ತು, ವಾಕರಿಕೆ, ಮಂಕು ತರುತ್ತದೆ. ರಜೆಯ ದಿನ ನೋವಿಲ್ಲದೆ ಡ್ಯೂಟಿಯಲ್ಲೇ ಬರುತ್ತಿದ್ದರೆ, ಜೊತೆಯವರಿಗೂ ಹಾಗೇ ಆಗುತ್ತಿದ್ದರೆ, ಮಾತ್ರೆ ನುಂಗಿ ಸುಮ್ಮನಾಗಬೇಡಿ. ಹೊರಗಿನ ಗಾಳಿಗೆ ಬನ್ನಿ, ಸೇಫ್ಟಿ ಆಫೀಸರ್‌ಗೆ ಹೇಳಿ ಗ್ಯಾಸ್ ಮೀಟರಿನಲ್ಲಿ ಅಳತೆ ಮಾಡಿಸಿ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇಲ್ಲಿ ನಂಬಿಕೆಗೆ ಅರ್ಹವಲ್ಲ. ವಿಷ ಏರಿದ್ದರೂ ಅಂಕಿ ಚೆನ್ನಾಗಿಯೇ ಕಾಣುತ್ತದೆ. ರಕ್ತಪರೀಕ್ಷೆಯೇ ಬೇಕು.

ಇನ್ನು ನಿದ್ದೆ. ನಸುಕಿನ 3ರಿಂದ 5ರೊಳಗೆ ದೇಹದ ಚುರುಕು ತೀರಾ ಇಳಿದಿರುತ್ತದೆ. ಸತತ 17 ಗಂಟೆ ಎಚ್ಚರವಿದ್ದವರ ಕೈಕಣ್ಣಿನ ಚುರುಕು, 100 ಮಿ.ಲೀ. ರಕ್ತದಲ್ಲಿ 50 ಮಿ.ಗ್ರಾಂ. ಮದ್ಯವಿದ್ದವರಷ್ಟೇ ಇರುತ್ತದೆ, ನಮ್ಮಲ್ಲಿ ವಾಹನ ಓಡಿಸಲು 30 ದಾಟುವಂತಿಲ್ಲ. ಹಾಗಾಗಿ ಬೆಲ್ಟ್ ಸ್ವಚ್ಛ ಮಾಡುವುದು, ರೋಲರ್ ಬದಲಿಸುವುದು ಆ ಹೊತ್ತಿಗೆ ಬೇಡ, ಮಧ್ಯರಾತ್ರಿಯೊಳಗೇ ಮುಗಿಸಿ. ಜಾಮ್ ಆಗಿ ಕೈ ಹಾಕಲೇಬೇಕಾದರೆ ಬೆಲ್ಟ್ ನಿಲ್ಲಿಸುವ ಹಗ್ಗ, ಅಂದರೆ ಪುಲ್ ಕಾರ್ಡ್ ಎಳೆದರೆ ಸಾಲದು, ಅದನ್ನು ಯಾರಾದರೂ ರೀಸೆಟ್ ಮಾಡಿಬಿಡಬಹುದು. ಮೇನ್ ಆಫ್ ಮಾಡಿಸಿ, ನಿಮ್ಮದೇ ಬೀಗ ಹಾಕಿ, ಕೀಲಿ ನಿಮ್ಮ ಜೇಬಿನಲ್ಲಿಟ್ಟುಕೊಳ್ಳಿ, ಸ್ಟಾರ್ಟ್ ಬಟನ್ ಒತ್ತಿ ಬೆಲ್ಟ್ ಕದಲುವುದಿಲ್ಲವೆಂದು ನೋಡಿ. ಐದು ನಿಮಿಷದ ಕೆಲಸ. ಟಾರ್ಗೆಟ್‌ಗಾಗಿ ಇದನ್ನು ಬಿಡು ಎನ್ನುವ ಹಕ್ಕು ಯಾವ ಸೂಪರ್‌ವೈಸರ್‌ಗೂ ಇಲ್ಲ.

ಊಟದ ವಿರಾಮದಲ್ಲಿ 20 ನಿಮಿಷ ಕಣ್ಣು ಮುಚ್ಚಿ, ಅದಕ್ಕಿಂತ ಹೆಚ್ಚು ಬೇಡ: ಗಾಢ ನಿದ್ದೆಯಿಂದ ಎದ್ದರೆ ಮಂಕು ಬಹಳ ಹೊತ್ತು ಉಳಿಯುತ್ತದೆ. ಎದ್ದು ಮುಖ ತೊಳೆದು ಕಾಲು ಗಂಟೆ ಕಳೆದ ಮೇಲೆ ಯಂತ್ರದ ಹತ್ತಿರ ಹೋಗಿ. ಚಹಾ ರಾತ್ರಿ 2ಕ್ಕೆ ಕೊನೆ; ಅದರ ಕೆಫೀನ್ ಐದು ತಾಸಾದರೂ ಅರ್ಧ ದೇಹದಲ್ಲೇ ಇರುತ್ತದೆ. ಮನೆ ಮುಟ್ಟಿದ ಕೂಡಲೇ ಹಗುರವಾಗಿ ತಿಂದು ಮಲಗಿ, ಕಿಟಕಿಗೆ ದಪ್ಪ ಕೌದಿ ಕಟ್ಟಿ, ಫೋನ್ ಬೇರೆ ಕೋಣೆಯಲ್ಲಿರಲಿ. ಬೆಳಿಗ್ಗೆ 5 ತಾಸು, ಸಂಜೆ ಡ್ಯೂಟಿಗೆ ಮೊದಲು ಒಂದೂವರೆ ತಾಸು, ಹೀಗೆ ಎರಡು ಕಂತಾದರೂ ಸರಿ.

ನಿಮ್ಮ ಪಾಳಿ ತಿರುಗುವುದೇ ಉಲ್ಟಾ. ಫಸ್ಟ್, ಸೆಕೆಂಡ್, ನೈಟ್ ಎಂಬ ಕ್ರಮ ದೇಹಕ್ಕೆ ಸುಲಭ, ಏಕೆಂದರೆ ನಿದ್ದೆಯನ್ನು ಮುಂದೂಡುವಷ್ಟು ಸಲೀಸಾಗಿ ಹಿಂದಕ್ಕೆ ಎಳೆಯಲಾಗದು. ನಾಲ್ಕಾರು ಮಂದಿ ಸೇರಿ, ಬೆಲ್ಟಿನ ಘಟನೆಯನ್ನೂ ಬರೆದು, ಸೇಫ್ಟಿ ಕಮಿಟಿಗೆ ಅರ್ಜಿ ಕೊಡಿ. ಕಂಪನಿಗೆ ಇದರಲ್ಲಿ ಖರ್ಚಿಲ್ಲ.

ಪ್ರಶ್ನೆ: ಜೀನ್ಸ್ ಹೊಲಿಗೆ, ಪೀಸ್ ಲೆಕ್ಕದ ಕೂಲಿ. ಎದೆ ಡವಡವ, ರಾತ್ರಿಯೆಲ್ಲ ಚಿಂತೆ. ಯಾರಿಗೆ ತೋರಿಸಲಿ?
– ಓದುಗರು, ಬಳ್ಳಾರಿ

ಉತ್ತರ: ರಕ್ತದ ಕೊರತೆ, ಥೈರಾಯ್ಡ್ ಎರಡೂ ಎದೆಬಡಿತ ಹೆಚ್ಚಿಸುತ್ತವೆ, ಮೊದಲು ಅವನ್ನು ಪರೀಕ್ಷಿಸಿಕೊಳ್ಳಿ, ತಾಯಿ. ಅವು ಸರಿಯಿದ್ದು ಚಿಂತೆ ಎರಡು ವಾರ ದಾಟಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ: ಹಗಲಿರುಳು, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಗೆ ಹೋಗಲು ಸಂಕೋಚ ಬೇಡ. 1980ರ ದಶಕದಲ್ಲಿ ನಿಮ್ಹಾನ್ಸ್ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ಮನೋಚಿಕಿತ್ಸೆ ಕಲಿಸಿ, ದೇಶಕ್ಕೆ ಮಾದರಿಯಾದ ಜಿಲ್ಲಾ ಯೋಜನೆ ಶುರುಮಾಡಿದ್ದು ನಿಮ್ಮ ಬಳ್ಳಾರಿಯಲ್ಲೇ. ಬದುಕೇ ಬೇಡವೆನಿಸಿದರೆ ಎರಡು ವಾರ ಕಾಯಬೇಡಿ, ಅಂದೇ ಕರೆ ಮಾಡಿ.