ಮೈನಸ್ 30 ಡಿಗ್ರಿ ತಡೆಯೋ ಹಣ್ಣಿನ ಗಿಡದ ಬೀಜ ಬೇಕು, ಯಾವ ಒಣ ಪ್ರದೇಶದಿಂದ ತರಿಸ್ಲಿ?

ಎಂಟು ವರ್ಷದ ಹಿಂದೆ ನಾನೂ ಇದನ್ನೇ ಕಂಡಕಂಡೋರ ಹತ್ರ ಕೇಳ್ಕೊಂಡು ಓಡಾಡ್ತಿದ್ದೆ. ಎಲ್ಲಿ ಚಳಿ ಜಾಸ್ತಿ, ಮಳೆ ಕಮ್ಮಿ, ಅಲ್ಲಿಂದ ಬೀಜ ತಂದ್ರೆ ಆ ಗಿಡಕ್ಕೆ ಎಲ್ಲೂ ಸಾವಿಲ್ಲ ಅನ್ನೋದು ನನ್ನ ಲೆಕ್ಕ. ಕೊನೆಗೆ ಸ್ನೇಹಿತರೊಬ್ರು ಲಡಾಖಿಂದ ಒಂದು ಮೂವತ್ತು ಏಪ್ರಿಕಾಟ್ ಓಟೆ ತಂದುಕೊಟ್ರು. ಚಳಿಗಾಲ ಕಳೀತು ಅಂತ ಬೀಜಕ್ಕೆ ಅನ್ನಿಸ್ಲಿ ಅಂತ ಅವನ್ನ ಒದ್ದೆ ಮರಳಲ್ಲಿ ಹಾಕಿ ಫ್ರಿಜ್ಜಲ್ಲಿ 4 ಡಿಗ್ರಿ ಆಸುಪಾಸಲ್ಲಿ ಮೂರು ತಿಂಗಳು ಇಟ್ಟೆ (ಮರಳಿಗೆ ತೇವ ಇರಲೇಬೇಕು, ಒಣ ಬೀಜಾನ ಹಂಗೇ ಫ್ರಿಜ್ಜಲ್ಲಿ ಇಟ್ರೆ ಆ ಚಳಿ ಲೆಕ್ಕಕ್ಕೇ ಇಲ್ಲ). ಹದಿನೇಳು ಮೊಳೆತವು. ನಾಲ್ಕನೇ ವರ್ಷಕ್ಕೆ ಆಳೆತ್ತರ, ಮೈತುಂಬ ಮೊಗ್ಗು.

ಒಂದು ಹಣ್ಣೂ ಸಿಗಲಿಲ್ಲ.

ನಾನು ನೋಡಿದ್ದು ಒಂದೇ ನಂಬರ್ರು, ಅಲ್ಲಿ ಪಾದರಸ ಎಷ್ಟು ಕೆಳಗೆ ಇಳಿಯತ್ತೆ ಅಂತ. ಹೆಂಗೆ ಇಳಿಯತ್ತೆ, ಹೆಂಗೆ ಏರತ್ತೆ ಅಂತ ನೋಡ್ಲೇ ಇಲ್ಲ. ಅಲ್ಲಿ ಚಳಿ ಒಂದ್ಸಲ ಬಂದ್ರೆ ತಿಂಗಳುಗಟ್ಟಲೆ ಕದಲಲ್ಲ, ಗಿಡ ನಿದ್ದೆಲೇ ಇರತ್ತೆ. ನಮ್ಮ ಕಡೆ ಚಳಿಗಾಲದ ನಡುವೇನೇ ಹತ್ತು ದಿನ ಬೆಚ್ಚಗೆ ಬಿಸಿಲು ಬೀಳತ್ತೆ. ಏಪ್ರಿಕಾಟಿಗೆ ಬೇಕಾದಷ್ಟು ಚಳಿ ಅಷ್ಟೊತ್ತಿಗೆ ಸಿಕ್ಕಿರತ್ತೆ, ಆಮೇಲೆ ಅದು ಕಾಯೋದು ಬಿಸಿಗೆ ಮಾತ್ರ, ಸ್ವಲ್ಪ ಬೆಚ್ಚಗಾಗಿದ್ದೇ ತಡ ವಸಂತ ಬಂತು ಅಂತ ಮೊಗ್ಗು ಉಬ್ಬಿಸ್ಕೊಂಡು ನಿಂತುಬಿಡತ್ತೆ. ನಿದ್ದೇಲಿದ್ದಾಗ ಮೈನಸ್ 20 ತಡೆಯೋ ಮೊಗ್ಗು ಉಬ್ಬಿದ ಮೇಲೆ ಆ ಶಕ್ತೀನ ದಿನದಿನಕ್ಕೂ ಕಳ್ಕೊಳ್ತಾ ಹೋಗತ್ತೆ. ಪೂರ್ತಿ ಅರಳಿದ ಹೂವು ಮೈನಸ್ 2.8ರಲ್ಲಿ ಅರ್ಧ ಗಂಟೆ ಇದ್ರೆ ನೂರಕ್ಕೆ ಹತ್ತು ಹೋದವು, ಮೈನಸ್ 5.6ಕ್ಕೆ ತೊಂಬತ್ತು. ನಮ್ಮಲ್ಲಿ ಮೊಗ್ಗು ಬಿರಿಯೋ ಹೊತ್ತಿಗೇ ಒಂದು ರಾತ್ರಿ ಮೈನಸ್ 7 ಆಯ್ತು. ಬೆಳಿಗ್ಗೆ ಒಂದು ಮೊಗ್ಗನ್ನ ಬ್ಲೇಡಲ್ಲಿ ಅಡ್ಡ ಸೀಳಿ ನೋಡಿದೆ. ಹೊರಗೆಲ್ಲ ಹಸಿರು, ಚೆನ್ನಾಗೇ ಇದೆ, ನಡುಮಧ್ಯದಲ್ಲಿ ಮಾತ್ರ ಸಾಸಿವೆಗಿಂತ ಸಣ್ಣದೊಂದು ಕಪ್ಪು ಚುಕ್ಕೆ. ಹಣ್ಣಾಗ್ಬೇಕಿದ್ದಿದ್ದು ಅದೇ. ಇಪ್ಪತ್ತು ಸೀಳಿದೆ, ಇಪ್ಪತ್ರಲ್ಲೂ ಚುಕ್ಕೆ. ಮುಂದಿನ ವರ್ಷಾನೂ ಇದೇ ಕಥೆ.

ಅದಕ್ಕೇ ಹೇಳ್ತೀನಿ, ನಿಮ್ಮ ಪ್ರಶ್ನೇನೇ ತಪ್ಪು. ಅತಿ ಚಳಿ ಜಾಗ ಹುಡುಕ್ಬೇಡಿ, ನಿಮ್ಮ ಊರಿನ ಥರಾನೇ ಚಳಿ ಬಂದು ಹೋಗೋ ಜಾಗ ಹುಡುಕಿ.

ಒಣ ಪ್ರದೇಶದ ಗಿಡ ನೀರಿಲ್ದೆ ಬದುಕತ್ತೆ ಅನ್ನೋದೂ ಭ್ರಮೆ. ಲೇಹಲ್ಲಿ ವರ್ಷಕ್ಕೆ ಸುಮಾರು 100 ಮಿಲಿಮೀಟರ್ ಮಳೆ, ಸರಿ, ಆದ್ರೆ ಅಲ್ಲಿ ಏಪ್ರಿಕಾಟ್ ಬದುಕೋದು ಹಿಮ ಕರಗಿ ಕಾಲುವೇಲಿ ಬರೋ ನೀರಲ್ಲಿ. ಅವಕ್ಕೆ ಒಣಗಾಳಿ ಅಭ್ಯಾಸ, ಒಣ ಬೇರು ಅಲ್ಲ. ಹಂಗಂತ ಜಿಗುಟು ಮಣ್ಣಲ್ಲಿ ನೀರು ನಿಲ್ಸಿದ್ರೆ ಬುಡ ಕೊಳೆಯತ್ತೆ, ನನ್ನವು ನಾಲ್ಕು ಹಂಗೇ ಹೋದವು.

ಬೀಜದಿಂದಲೇ ಬೆಳೆಸ್ಬೇಕು ಅನ್ನೋ ಹಟ ಇದ್ರೆ ಸೀ ಬಕ್‌ಥಾರ್ನ್ (ಕಿತ್ತಳೆ ಬಣ್ಣದ ಹುಳಿ ಹಣ್ಣಿನ ಮುಳ್ಳುಪೊದೆ) ಹಾಕಿ, ಮೈನಸ್ 40ಕ್ಕೂ ಜಗ್ಗಲ್ಲ. ಗಂಡು ಹೆಣ್ಣು ಗಿಡ ಬೇರೆಬೇರೆ, ಹೂಮೊಗ್ಗು ಬರೋವರೆಗೂ ಗೊತ್ತಾಗಲ್ಲ, ಅದಕ್ಕೆ ಹತ್ತಾದ್ರೂ ನೆಡಿ. ಸೇಬು ಆದ್ರೆ ಕಜಕಸ್ತಾನದ ತಿಯಾನ್ ಶಾನ್ ಬೆಟ್ಟದ ಕಾಡುಸೇಬಿದೆ, ನಾವು ತಿನ್ನೋ ಸೇಬಿನ ಮೂಲ ಅದೇ. ರಷ್ಯಾದ ಸಸ್ಯವಿಜ್ಞಾನಿ ವವಿಲೋವ್ 1929ರಲ್ಲೇ ಅಲ್ಲಿನ ಆಲ್ಮಾಟಿ ಊರಿನ ಸುತ್ತ ನೋಡಿ ಇದನ್ನ ಹೇಳಿದ್ರು. ಆದ್ರೆ ಬೀಜದಿಂದ ಬಂದ ಸೇಬು ಒಂದರಂತೆ ಒಂದು ಇರಲ್ಲ, ರುಚಿ ಪೂರ್ತಿ ಲಾಟರಿ. ಹೊರದೇಶದಿಂದ ತರಿಸೋದಾದ್ರೆ ಆಮದು ಪರ್ಮಿಟ್ಟು, ಸಸ್ಯ ಆರೋಗ್ಯ ಸರ್ಟಿಫಿಕೇಟು ಎರಡನ್ನೂ ಮೊದ್ಲೇ ವಿಚಾರಿಸ್ಕೊಳ್ಳಿ, ಇಲ್ದಿದ್ರೆ ಪಾರ್ಸೆಲ್ ಅಲ್ಲೇ ಸುಟ್ಟುಹಾಕಬಹುದು.

ಉಳಿದಿರೋ ಗಿಡಗಳ ಮೇಲೆ ಈಗ ತಡವಾಗಿ ಹೂ ಬಿಡೋ ತಳಿ ಕಸಿ ಕಟ್ಟಿದ್ದೀನಿ. ಬೇರು ಲಡಾಖಿದು, ತಲೆ ನಮ್ಮೂರಿಗೆ ಒಗ್ಗಿದ್ದು. ಹೋದ ವರ್ಷ ಹನ್ನೊಂದು ಹಣ್ಣು ಸಿಕ್ತು, ಮೂರು ಹಕ್ಕಿ ಪಾಲು. ನಿಮ್ಮಲ್ಲಿ ಕೊನೇ ಹಿಮ ಯಾವ ತಿಂಗಳು ಬೀಳತ್ತೆ ಹೇಳಿ, ಬೀಜದ ಮಾತು ಆಮೇಲೆ ಆಡೋಣ.