ಮಗನಿಗೂ ತಿಳಿಯದ ಆ ದಿನ

ಸಾಗರದ ಕಡೆಯ ಓದುಗರೊಬ್ಬರು, ಹೆಸರು ಹಾಕಬೇಡಿ ಎಂದು ಕೇಳಿಕೊಂಡು ಬರೆದಿದ್ದಾರೆ: ‘ಶಿವಮೊಗ್ಗದ ಪವಿತ್ರ ಹೃದಯ ಪ್ರಧಾನಾಲಯದ ಬಗ್ಗೆ ನಿಮ್ಮ ಲೇಖನ ಓದಿದೆ. ನಾನು ತಾಳಮದ್ದಲೆಯಲ್ಲಿ ಅರ್ಥ ಹೇಳುವವನು, ವಾದ ಸಿಕ್ಕರೆ ಬಿಡುವವನಲ್ಲ. ದೇವರು ಸರ್ವಜ್ಞ. ಲೋಕದ ಕಡೆಯ ದಿನ ಯಾವಾಗ ಎಂದು ತನಗೆ ತಿಳಿಯದು ಎನ್ನುತ್ತಾನೆ ಯೇಸು. ಆದ್ದರಿಂದ ಯೇಸು ದೇವರಲ್ಲ. ಮೂರೇ ಸಾಲು. ಕ್ರೈಸ್ತ ಪಂಡಿತರಿಗೆ ಇದು ಹೊಳೆಯಲೇ ಇಲ್ಲವೇ? ಕ್ರೈಸ್ತರಾದ ಮೇಷ್ಟ್ರೊಬ್ಬರು ಸ್ನೇಹಿತರಿದ್ದಾರೆ, ಅವರ ಮುಂದಿಡಬೇಕೆಂದಿದ್ದೇನೆ.’

ಸಂಪಾದಕರ ಉತ್ತರ:

ಹೊಳೆದಿತ್ತು. ನೀವು ಹಿಡಿದಿರುವುದು ಬೈಬಲಿನ ಮಾರ್ಕನ ಸುವಾರ್ತೆಯ 13ನೇ ಅಧ್ಯಾಯದ 32ನೇ ವಚನ. ಆ ದಿನ, ಆ ಗಳಿಗೆ ದೂತರಿಗೂ ತಿಳಿಯದು, ಮಗನಿಗೂ (ಅಂದರೆ ಯೇಸುವಿಗೂ) ತಿಳಿಯದು, ತಂದೆಗೆ ಮಾತ್ರ ಗೊತ್ತು ಎಂದು ಅಲ್ಲಿದೆ. ಮಗನೂ ಸೃಷ್ಟಿಯಾದವನೇ ಎಂದು ಅಲೆಕ್ಸಾಂಡ್ರಿಯಾದ ಪಾದ್ರಿ ಆರಿಯಸ್ ನಾಲ್ಕನೇ ಶತಮಾನದಲ್ಲಿ ವಾದ ಹೂಡಿದಾಗ ಅವನ ಪಕ್ಷದವರು ಎತ್ತಿ ಹಿಡಿದದ್ದು ಇದೇ ವಚನವನ್ನು. 325ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಈಗಿನ ಟರ್ಕಿಯಲ್ಲಿರುವ ನೈಸಿಯಾದಲ್ಲಿ ಬಿಷಪರ ಸಭೆ ಕರೆದ. ಮಗನು ಸೃಷ್ಟಿಯಾದವನಲ್ಲ, ತಂದೆಯ ಸ್ವರೂಪವೇ ಅವನದೂ ಎಂದು ಸಭೆ ತೀರ್ಮಾನಿಸಿತು.

ನಿಮ್ಮ ವಾದದ ಕಟ್ಟಡ ಗಟ್ಟಿಯಾಗಿದೆ. ಮೊದಲೆರಡು ಸಾಲು ಒಪ್ಪಿದರೆ ಮೂರನೆಯದನ್ನು ಒಪ್ಪಲೇಬೇಕು. ಆದರೆ ಅದೇ ಮೂರು ಸಾಲನ್ನು ನಿಮ್ಮ ರಾಮನ ಮೇಲೂ ಹೂಡಬಹುದಲ್ಲ? ಸೀತೆಯನ್ನು ಕಂಡಿರಾ ಎಂದು ಗಿಡಮರಗಳನ್ನು ಕೇಳುತ್ತಾ ಅಲೆದವನು ಸರ್ವಜ್ಞನೇ? ಎದುರು ಅರ್ಥಧಾರಿ ಹೀಗೆ ಕೇಳಿದರೆ, ಅದು ಲೀಲೆ, ಮಾನುಷ ವೇಷಕ್ಕೆ ತಕ್ಕ ನಡೆ ಎಂದು ನೀವು ಪೀಠಿಕೆ ಹಾಕುತ್ತೀರಿ. ಕ್ರೈಸ್ತರಿಗೆ ಆ ದಾರಿ ಇಲ್ಲ. ಯೇಸುವಿನ ದೇಹ ಬರೀ ತೋರಿಕೆ ಎಂದವರು ಮೊದಮೊದಲ ಶತಮಾನಗಳಲ್ಲೇ ಇದ್ದರು. ಕ್ರೈಸ್ತ ಧರ್ಮಸಭೆ ಅವರನ್ನು ಒಪ್ಪಲಿಲ್ಲ. ಹಸಿವು ನಿಜ, ಕಣ್ಣೀರು ನಿಜ, ಶಿಲುಬೆಯ ಸಾವು ನಿಜ. ದೇವರಲ್ಲ ಎನ್ನುವಂತಿಲ್ಲ, ನಟನೆ ಎನ್ನುವಂತೆಯೂ ಇಲ್ಲ. ಎರಡು ಸುಲಭದ ಬಾಗಿಲನ್ನೂ ತಾವೇ ಮುಚ್ಚಿಕೊಂಡು ಒಳಗೆ ಕೂತು ಯೋಚಿಸಿದ ಈ ಪರಂಪರೆಯ ಬಗ್ಗೆ ನನಗೆ ತುಂಬ ಗೌರವವಿದೆ.

ಹಾಗಾದರೆ ಉತ್ತರವೇನು? ನೈಸಿಯಾದ ಪಕ್ಷ ಹಿಡಿದು ಐದು ಸಲ ಗಡೀಪಾರಾದ ಅಲೆಕ್ಸಾಂಡ್ರಿಯಾದ ಬಿಷಪ್ ಅಥನೇಸಿಯಸ್ ಹೇಳಿದ್ದು: ದೇವರಾಗಿ ಅವನಿಗೆ ತಿಳಿದಿತ್ತು, ಮನುಷ್ಯನಾಗಿ ತಿಳಿದಿರಲಿಲ್ಲ. 451ರಲ್ಲಿ ಕಾಲ್ಸಿಡಾನ್‌ನಲ್ಲಿ ಸೇರಿದ ಬಿಷಪರ ಸಭೆ ಇದಕ್ಕೆ ನೆಲೆ ಕೊಟ್ಟಿತು. ವ್ಯಕ್ತಿ ಒಬ್ಬನೇ, ಸ್ವಭಾವ ಎರಡು. ಅವು ಬೆರೆಯುವುದಿಲ್ಲ, ಬೇರ್ಪಡುವುದೂ ಇಲ್ಲ. ತರ್ಕದ ಮಟ್ಟಿಗೆ ಇದು ಸರಿ. ಒಂದೇ ನೆಲೆಯಲ್ಲಿ ‘ತಿಳಿದಿದೆ’, ‘ತಿಳಿದಿಲ್ಲ’ ಎಂದರೆ ವಿರೋಧ. ಎರಡು ನೆಲೆಯಲ್ಲಿ ಹೇಳಿದರೆ ಅಲ್ಲ. ಆದರೂ ನನಗೊಂದು ತೊಡಕು ಉಳಿಯುತ್ತದೆ. ತಿಳಿಯುವುದು ಸ್ವಭಾವವಲ್ಲ, ವ್ಯಕ್ತಿ. ಶಿಷ್ಯರು ಕೇಳಿದ್ದು ಒಬ್ಬನನ್ನು, ಎರಡು ಸ್ವಭಾವಗಳನ್ನಲ್ಲ.

ಹದಿಮೂರನೇ ಶತಮಾನದ ಥಾಮಸ್ ಅಕ್ವಿನಾಸ್, ತಿಳಿಯದು ಎಂದರೆ ತಿಳಿಸುವುದಿಲ್ಲ ಎಂದರ್ಥ ಎಂದ. ಅಷ್ಟು ದೊಡ್ಡ ತಾರ್ಕಿಕನ ಈ ಮಾತು ಮುಚ್ಚಿದ ಲೀಲೆಯ ಬಾಗಿಲನ್ನು ಸ್ವಲ್ಪ ತೆರೆದಂತೆ ನನಗೆ ಕಾಣುತ್ತದೆ.

ಹತ್ತೊಂಬತ್ತನೇ ಶತಮಾನದಲ್ಲಿ ಜರ್ಮನಿಯ ಥೊಮಾಸಿಯಸ್ ಮೊದಲಾದ ದೇವಶಾಸ್ತ್ರಜ್ಞರು ನಿಮ್ಮ ಮೊದಲ ಸಾಲಿಗೇ ಕೈ ಹಾಕಿದರು. ಮಗನು ತನ್ನನ್ನು ಬರಿದು ಮಾಡಿಕೊಂಡ ಎಂದು ಯೇಸುವಿನ ಸಂದೇಶ ಸಾರಿದ ಪೌಲನು ಫಿಲಿಪ್ಪಿ ಊರಿನ ಕ್ರೈಸ್ತರಿಗೆ ಬರೆದ, ಬೈಬಲಿನಲ್ಲಿರುವ ಪತ್ರದಲ್ಲಿ ಹೇಳಿದ್ದಾನೆ. ಹಾಗಿದ್ದರೆ, ಮನುಷ್ಯನಾಗಿ ಬದುಕಿದಷ್ಟು ಕಾಲ ಸರ್ವಜ್ಞತೆಯನ್ನು ಬದಿಗಿಡುವುದು ದೇವರಿಗೆ ಸಾಧ್ಯ. ಈ ಉತ್ತರಕ್ಕೂ ಬೆಲೆ ತೆರಬೇಕು: ದೇವರು ಬದಲಾಗುವವನಲ್ಲ ಎಂಬ ಹಳೆಯ ನಂಬಿಕೆ ಅಲುಗುತ್ತದೆ. ಆದರೂ ಮಾರ್ಕನ ವಚನವನ್ನು ಇದ್ದ ಹಾಗೆ ಒಪ್ಪಿಕೊಳ್ಳುವ ಉತ್ತರ ಇದು. ನನ್ನ ಒಲವು ಇದರ ಕಡೆಗೇ.

ಮೇಷ್ಟ್ರ ಮುಂದೆ ಖಂಡಿತ ಇಡಿ. ಯೇಸು ದೇವರಲ್ಲ ಎಂಬ ಕೊನೆಯ ಸಾಲಿನಿಂದ ಶುರು ಮಾಡಬೇಡಿ. ಈ ಮೂರರಲ್ಲಿ ನಿಮ್ಮ ಉತ್ತರ ಯಾವುದು ಎಂದು ಕೇಳಿ. ಅವರು ಥೊಮಾಸಿಯಸ್‌ನ ದಾರಿ ಹಿಡಿದರೆ, ಸರ್ವಜ್ಞತೆ ಬದಿಗಿಟ್ಟ ದೇವರು ದೇವರೇ ಅಲ್ಲ ಎಂದು ಸಾಧಿಸುವ ಹೊಣೆ ನಿಮ್ಮದು. ಅದಕ್ಕೆ ಮೂರು ಸಾಲು ಸಾಲದು. ಏನು ಮಾತಾಯಿತೆಂದು ಬರೆಯಿರಿ, ಮೇಷ್ಟ್ರು ಒಪ್ಪಿದರೆ ಅವರ ಮಾತನ್ನೂ ಅಚ್ಚು ಹಾಕುತ್ತೇವೆ.