ಡಾಕ್ಟರಮ್ಮನಿಗೆ ಕೇಳಿ: ಬಿಸಿಲು ನಮಗೆ ರೂಢಿ ಅಲ್ವಾ?

ಪ್ರಶ್ನೆ: ಡಾಕ್ಟರಮ್ಮನವರಿಗೆ ನಮಸ್ಕಾರ. ನಮ್ಮ ಮನೆಯವರು ಗೌಂಡಿ ಕೆಲಸ ಮಾಡುತ್ತಾರೆ. ವಯಸ್ಸು 44. ದೀಪಾವಳಿ ಮುಗಿಸಿ ಬೆಂಗಳೂರಿಗೆ ಗುಳೆ ಹೋದವರು ಯುಗಾದಿಗೆ ವಾಪಸ್ ಬಂದರು. ಹಬ್ಬದ ಮರುದಿನವೇ ಊರಲ್ಲಿ ಸ್ಲ್ಯಾಬ್ ಕೆಲಸಕ್ಕೆ ಹೋದರು. ಆಗಿನಿಂದ ಸಂಜೆಯಾದರೆ ತಲೆನೋವು, ಹೊಟ್ಟೆ ತೊಳೆಸುವುದು. ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತದೆ. ಮೂತ್ರ ಕಡು ಹಳದಿ, ಉರಿ ಬೇರೆ. ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ನುಂಗಿ ಮತ್ತೆ ಕೆಲಸಕ್ಕೆ ಹೋಗುತ್ತಾರೆ. ಬಿಪಿ ಮಾತ್ರೆಯೂ ಇದೆ. ‘ರಾಯಚೂರು ಸೀಮ್ಯಾಗ ಹುಟ್ಟಿದವನಿಗೆ ಬಿಸಲು ಏನ್ ಮಾಡತೈತಿ’ ಅಂತಾರೆ ನಮ್ಮತ್ತೆ. ಹೌದಾ?
– ಹೆಸರು ಬೇಡ, ದೇವದುರ್ಗ ತಾಲ್ಲೂಕು

ಉತ್ತರ: ತಂಗಿ, ಅತ್ತೆಯ ಮಾತಿಗೆ ಆಮೇಲೆ ಬರೋಣ. ಮೊದಲು ಆ ನೋವಿನ ಮಾತ್ರೆ ಬಿಡಿಸಿ. ಬೆವರಿ ನೀರು ಕಳೆದುಕೊಂಡ ಮೈಯಲ್ಲಿ ಕಿಡ್ನಿಗೆ ಹೋಗುವ ರಕ್ತವೇ ಕಡಿಮೆ. ಡೈಕ್ಲೋಫೆನ್ಯಾಕ್, ಐಬುಪ್ರೊಫೆನ್ ಥರದ ಮಾತ್ರೆಗಳು ಅದನ್ನು ಇನ್ನೂ ತಗ್ಗಿಸುತ್ತವೆ. ನಾಳೆ ಕೆಲಸಕ್ಕೆ ರಜೆ ಹಾಕಿಸಿ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಮೂತ್ರ ಪರೀಕ್ಷೆ, ರಕ್ತದಲ್ಲಿ ಕ್ರಿಯಾಟಿನಿನ್ ಪರೀಕ್ಷೆ (ಕಿಡ್ನಿ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು) ಮಾಡಿಸಿ. ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಹಾಳೆಗಳನ್ನೂ ಜೊತೆಗೆ ಒಯ್ಯಿರಿ. ಕೆಲವು ಬಿಪಿ ಮಾತ್ರೆಗಳಲ್ಲಿ ಮೂತ್ರ ಜಾಸ್ತಿ ಮಾಡುವ ಔಷಧಿಯೂ ಸೇರಿರುತ್ತದೆ. ಬೇಸಿಗೆಗೆ ಅದನ್ನು ಬದಲಿಸಬೇಕೋ ಬೇಡವೋ ಎಂದು ಅಲ್ಲಿನ ಡಾಕ್ಟರು ಹೇಳಲಿ, ನೀವಾಗಿಯೇ ನಿಲ್ಲಿಸಬೇಡಿ. ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಬೆಳಗಾಗುವ ತನಕವೂ ಕಾಯಬೇಡಿ.

ಇನ್ನು ಅತ್ತೆಯ ಮಾತು. ನಾನೂ ಅದೇ ಸೀಮೆಯವಳು. ‘ನಮ್ಮಲ್ಲಿ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ’ ಅಂತ ನಗುತ್ತಲೇ ಬೆಳೆದವಳು. ಆದರೆ ಬಿಸಿಲಿನ ರೂಢಿ ಹುಟ್ಟಿನಿಂದ ಬರುವುದಿಲ್ಲ. ದಿನಾ ಬಿಸಿಲಲ್ಲಿ ದುಡಿದರೆ ಒಂದೆರಡು ವಾರದಲ್ಲಿ ಮೈ ಹೊಂದಿಕೊಳ್ಳುತ್ತದೆ. ಬೇಗ ಬೆವರುತ್ತದೆ, ಬೆವರಿನಲ್ಲಿ ಉಪ್ಪು ಕಡಿಮೆ ಹೋಗುತ್ತದೆ. ತಂಪಾದ ಕಡೆ ಹೋಗಿ ಕೆಲವು ವಾರ ಇದ್ದರೆ ಆ ರೂಢಿ ತಪ್ಪುತ್ತದೆ. ನಿಮ್ಮವರು ಚಳಿಗಾಲವನ್ನೆಲ್ಲ ಬೆಂಗಳೂರಲ್ಲಿ ಕಳೆದು ನೇರವಾಗಿ 40 ಡಿಗ್ರಿ ಬಿಸಿಲಿಗೆ ಇಳಿದಿದ್ದಾರೆ. ಅವರ ಮೈಗೆ ಈಗ ದೇವದುರ್ಗವೂ ಪರಊರೇ. ಬಿಸಿಲಿಗೆ ಬಿದ್ದು ಸಾಯುವ ಕೂಲಿಕಾರರಲ್ಲಿ ಕೆಲಸಕ್ಕೆ ಬಂದು ಕೆಲವೇ ದಿನ ಆದವರೇ ಜಾಸ್ತಿ. ಜಾತ್ರೆ, ಹಬ್ಬ ಅಂತ ಊರಿಗೆ ಬರುವವರು ಮೊದಲ ದಿನ ಒಂದೆರಡು ತಾಸು ಮಾತ್ರ ದುಡಿದು, ಒಂದು ವಾರದಲ್ಲಿ ಮೆಲ್ಲಗೆ ಪೂರ್ತಿ ದಿನಕ್ಕೆ ಬರಬೇಕು. ಮೇಸ್ತ್ರಿ ಒಪ್ಪುವುದಿಲ್ಲ ಅಂತೀರಿ, ಗೊತ್ತು. ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಏಪ್ರಿಲ್, ಮೇನಲ್ಲಿ ಬೆಳಿಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ 1.30ಕ್ಕೆ ಮುಗಿಯುತ್ತವೆ. ಫ್ಯಾನಿನ ಕೆಳಗೆ ಕೂರುವವರಿಗೆ ಸಿಕ್ಕ ಈ ಅನುಕೂಲ ಸ್ಲ್ಯಾಬ್ ಮೇಲೆ ನಿಲ್ಲುವವರಿಗೆ ಯಾಕಿಲ್ಲ ಅಂತ ನಾಲ್ಕು ಜನ ಸೇರಿ ಕೇಳಿ. ಬೆಳಿಗ್ಗೆ 6ಕ್ಕೇ ಶುರು ಮಾಡಿ 11ಕ್ಕೆ ನಿಲ್ಲಿಸಿ, ಉಳಿದದ್ದನ್ನು ಸಂಜೆ ಮಾಡಿದರೆ ಮೇಸ್ತ್ರಿಗೂ ನಷ್ಟವಿಲ್ಲ.

ಅತ್ತೆ ಕಂಡ ಬೇಸಿಗೆಗೂ ಈಗಿನದಕ್ಕೂ ಇನ್ನೊಂದು ವ್ಯತ್ಯಾಸ ಇದೆ. ಕಲ್ಲಿದ್ದಲು, ಪೆಟ್ರೋಲು ಸುಟ್ಟ ಹೊಗೆ ಭೂಮಿಯ ಶಾಖವನ್ನು ಹಿಡಿದಿಟ್ಟುಕೊಳ್ಳುತ್ತಿದೆ. ದಾಖಲೆ ಇಡಲು ಶುರು ಮಾಡಿದಾಗಿನಿಂದ ಅತಿ ಬಿಸಿಯಾದ ವರ್ಷ 2024. ಹಗಲಿನ ಬಿಸಿಲಷ್ಟೇ ಅಲ್ಲ, ರಾತ್ರಿಯೂ ಧಗೆ ಇಳಿಯುತ್ತಿಲ್ಲ. ಹವಾಮಾನ ಇಲಾಖೆ ಈಗ ‘ಬಿಸಿ ರಾತ್ರಿ’ ಅಂತಲೇ ಮುನ್ಸೂಚನೆ ಕೊಡುತ್ತದೆ. ಹಗಲೆಲ್ಲ ಜೋರಾಗಿ ಬಡಿದ ಹೃದಯಕ್ಕೆ ರಾತ್ರಿ ಬಿಡುವು ಬೇಕು. ಹಿಂದೆ ಮಣ್ಣಿನ ಮಾಳಿಗೆ ಮನೆ ಇತ್ತು, ಮಾಳಿಗೆ ಮೇಲೆ ಮಲಗಿದರೆ ಗಾಳಿ ಬರುತ್ತಿತ್ತು. ನಿಮ್ಮದು ತಗಡಿನ ಮನೆಯಾದರೆ ಮೇಲೆ ಸುಣ್ಣ ಬಳಿಸಿ, ಖರ್ಚು ಕಡಿಮೆ. ಬಿಳಿ ಬಣ್ಣ ಬಿಸಿಲನ್ನು ವಾಪಸ್ ಕಳಿಸುತ್ತದೆ.

ಕೆಲಸದ ಹೊತ್ತಲ್ಲಿ ಬಾಯಾರಲಿ ಬಿಡಲಿ, 20 ನಿಮಿಷಕ್ಕೊಂದು ಲೋಟ ನೀರು. ಮಧ್ಯೆ ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ. ನೆರಳು, ವಿಶ್ರಾಂತಿಯೂ ಅಷ್ಟೇ ಮುಖ್ಯ. ಮಧ್ಯ ಅಮೆರಿಕದ ನಿಕರಾಗುವಾ, ಎಲ್ ಸಾಲ್ವಡಾರ್ ದೇಶಗಳಲ್ಲಿ ಕಬ್ಬು ಕಡಿಯುವ ಎಷ್ಟೋ ಗಂಡಾಳುಗಳು ಸಕ್ಕರೆ ಕಾಯಿಲೆ ಇಲ್ಲದೆಯೂ ಕಿಡ್ನಿ ಕಳೆದುಕೊಂಡರು. ನೀರು, ನೆರಳು, ವಿಶ್ರಾಂತಿ ಮೂರನ್ನೂ ಕೊಟ್ಟ ಮೇಲೆ ಕಿಡ್ನಿಗೆ ಆಗುವ ಪೆಟ್ಟು ಕಡಿಮೆಯಾಯಿತು.

ಕೆಲಸದ ಜಾಗದಲ್ಲಿ ಯಾರಾದರೂ ತೊದಲಿದರೆ, ತೂರಾಡಿದರೆ, ಏನೇನೋ ಮಾತಾಡಿದರೆ ಅದು ಝಳ ಬಡಿದ ಲಕ್ಷಣ. ‘ಬೆವರು ಬರ್ತಿದೆಯಲ್ಲ, ಏನಾಗಲ್ಲ’ ಅನ್ನಬೇಡಿ. ದುಡಿಯುವವರಿಗೆ ಬೆವರುತ್ತಿರುವಾಗಲೂ ಝಳ ಬಡಿಯುತ್ತದೆ. ನೆರಳಿಗೆ ಎಳೆದು, ಬಟ್ಟೆ ಸಡಿಲಿಸಿ, ಮೈತುಂಬ ನೀರು ಸುರಿದು ಗಾಳಿ ಬೀಸಿ. ಅಷ್ಟರಲ್ಲಿ ಒಬ್ಬರು 108ಕ್ಕೆ ಫೋನ್ ಮಾಡಲಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ. ಜ್ವರದ ಮಾತ್ರೆ ಇದಕ್ಕೆ ಕೆಲಸ ಮಾಡುವುದಿಲ್ಲ.

ಪ್ರಶ್ನೆ: ಮೇಡಂ, ಡೆಂಗಿ ಮೊದಲು ಮಳೆಗಾಲದ ಜ್ವರ ಆಗಿತ್ತು. ಈಗ ಬೇಸಿಗೆಯಲ್ಲೂ ಬರುತ್ತಿದೆ. ಯಾಕೆ?
– ಓದುಗರು, ಮೈಸೂರು

ಉತ್ತರ: ಬಿಸಿ ಹೆಚ್ಚಿದಷ್ಟೂ, ಒಂದು ಮಿತಿಯವರೆಗೆ, ಈಡಿಸ್ ಸೊಳ್ಳೆಯ ಹೊಟ್ಟೆಯಲ್ಲಿ ವೈರಸ್ ಬೇಗ ಬೆಳೆಯುತ್ತದೆ. ಹಾಗಾಗಿ ಸೊಳ್ಳೆ ಸಾಯುವ ಮುಂಚೆ ಇನ್ನಷ್ಟು ಜನರಿಗೆ ರೋಗ ಹಚ್ಚುತ್ತದೆ. ಜೊತೆಗೆ, ನಲ್ಲಿ ನೀರು ಬರದ ಬೇಸಿಗೆಯಲ್ಲಿ ನಾವೇ ಡ್ರಮ್ಮು, ತೊಟ್ಟಿಗಳಲ್ಲಿ ನೀರು ತುಂಬಿಟ್ಟು ಸೊಳ್ಳೆಗೆ ಮನೆ ಮಾಡಿಕೊಡುತ್ತೇವೆ. ಮುಚ್ಚಳ ಹಾಕಿ, ವಾರಕ್ಕೊಮ್ಮೆ ಖಾಲಿ ಮಾಡಿ ತಿಕ್ಕಿ ತೊಳೆಯಿರಿ. ನಮ್ಮ ರಾಜ್ಯ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿ, ನೀರು ನಿಲ್ಲಲು ಬಿಡುವವರಿಗೆ ದಂಡವನ್ನೂ ಇಟ್ಟಿದೆ. ಜ್ವರ ಬಂದರೆ ಪ್ಯಾರಾಸಿಟಮಾಲ್ ಮಾತ್ರ. ಆಸ್ಪಿರಿನ್, ಐಬುಪ್ರೊಫೆನ್ ಬೇಡ.

ಪ್ರಶ್ನೆ: ಡಬ್ಬಿಯಲ್ಲಿ ಬರುವ ಓಆರ್‌ಎಸ್ ಪಾನೀಯ ಮಕ್ಕಳಿಗೆ ಕೊಡಬಹುದಾ?
– ಗೃಹಿಣಿ, ಬಳ್ಳಾರಿ

ಉತ್ತರ: ಅವುಗಳಲ್ಲಿ ಎಷ್ಟೋ ಬರೀ ಸಕ್ಕರೆ ನೀರು. 2025ರ ಅಕ್ಟೋಬರ್‌ನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಅಂಥವು ಹೆಸರಿನಲ್ಲಿ ‘ಓಆರ್‌ಎಸ್’ ಎಂದು ಹಾಕಿಕೊಳ್ಳಬಾರದು ಎಂದಿತು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಬರೆದಿರುವ ಪುಡಿ ಪೊಟ್ಟಣವನ್ನೇ ಕೇಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದೆ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ತಲೆತಟ್ಟಿ ಅಳೆಯಿರಿ, ಉಪ್ಪು ಜಾಸ್ತಿಯಾಗಬಾರದು.